ಯಾರಿಗೆ ಯಾವ ನಂಬರು? ಪ್ಯಾಕೆಟ್ ರೇಡಿಯೋ ಐಪಿ ವಿಳಾಸ: ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹ್ಯಾಮ್ ಪ್ಯಾಕೆಟ್ ಜಾಲದ (ಹವ್ಯಾಸಿ ರೇಡಿಯೋದವರು ಮಾಹಿತಿಯನ್ನು ತುಣುಕುಗಳಾಗಿ ಗಾಳಿಯಲ್ಲಿ ಕಳಿಸುವ ಕಂಪ್ಯೂಟರ್ ಜಾಲ) ಐಪಿ ವಿಳಾಸಗಳ ಬಗ್ಗೆಯೇ ಇದ್ದವು. ಒಂದೇ ಥರದವನ್ನು ಸೇರಿಸಿ ಉತ್ತರ ಕೊಟ್ಟಿದ್ದೇವೆ. ಉದಾಹರಣೆಗಳಲ್ಲಿ ಬರುವ 44.128ರ ವಿಳಾಸಗಳು ಪರೀಕ್ಷೆಗೆಂದೇ ಮೀಸಲಿಟ್ಟ ಬ್ಲಾಕಿನವು. ಅವನ್ನು ಹಾಗೇ ಎತ್ತಿ ನಿಮ್ಮ ಜಾಲಕ್ಕೆ ಹಾಕಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಕ್ಲಬ್ಬಿನಲ್ಲಿ ಇಪ್ಪತ್ತೈದು ನಿಲ್ದಾಣಗಳಿವೆ. ಮನೆಯ ರೌಟರಿನ ಹಾಗೆ 192.168ರ ವಿಳಾಸಗಳನ್ನು ನಾವೇ ಹಂಚಿಕೊಂಡರೆ ಸಾಲದೇ? 44ರ ವಿಳಾಸವೇ ಯಾಕೆ ಬೇಕು?

ಉತ್ತರ: ನಿಮ್ಮ ಜಾಲ ನಿಮ್ಮೊಳಗೇ ಇರುವ ತನಕ ಧಾರಾಳವಾಗಿ ಸಾಲುತ್ತದೆ. ತೊಂದರೆ ಶುರುವಾಗುವುದು ಪಕ್ಕದ ಕ್ಲಬ್ಬಿನ ಜೊತೆ ಲಿಂಕ್ ಹಾಕಿದ ದಿನ. ಅವರೂ 192.168.1.1ರಿಂದಲೇ ಎಣಿಕೆ ಶುರುಮಾಡಿರುತ್ತಾರೆ. ಆಗ ಯಾರೋ ಒಬ್ಬರು ಎಲ್ಲ ನಿಲ್ದಾಣಗಳ ನಂಬರನ್ನೂ ಬದಲಿಸಬೇಕು, ಮತ್ತು ಅದು ತಾವಾಗಬೇಕೆಂದು ಇಬ್ಬರಿಗೂ ಅನಿಸುವುದಿಲ್ಲ.

ಈ ಗೋಜಲನ್ನು ಮೊದಲೇ ಊಹಿಸಿದವರು ಹ್ಯಾಂಕ್ ಮ್ಯಾಗ್ನುಸ್ಕಿ. 1981ರಲ್ಲೇ ಅವರು ಹವ್ಯಾಸಿ ರೇಡಿಯೋಗೆಂದು 44ರಿಂದ ಶುರುವಾಗುವ ಇಡೀ ಬ್ಲಾಕನ್ನು, ಅಂದರೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳನ್ನು ಕೇಳಿ ಪಡೆದರು. ಆ್ಯಂಪರ್‌ನೆಟ್ ಅಥವಾ 44ನೆಟ್ ಎಂದು ಕರೆಯುವುದು ಇದನ್ನೇ. 2019ರಲ್ಲಿ ಇದರ ಮೇಲ್ಭಾಗದ ಕಾಲು ಪಾಲನ್ನು ಅಮೆಜಾನ್‌ಗೆ ಮಾರಲಾಯಿತು. ಈಗ ಹ್ಯಾಮ್‌ಗಳ ಕೈಯಲ್ಲಿ ಉಳಿದಿರುವುದು 44.0.0.0ದಿಂದ 44.191.255.255ರ ವರೆಗೆ, ಲೆಕ್ಕ ಹಾಕಿದರೆ 1,25,82,912 ವಿಳಾಸ. ಎಆರ್‌ಡಿಸಿ ಎಂಬ ಲಾಭರಹಿತ ಸಂಸ್ಥೆ ಇದರ ಉಸ್ತುವಾರಿ ನೋಡಿಕೊಳ್ಳುತ್ತದೆ. ಆಯಾ ದೇಶ ಅಥವಾ ಪ್ರದೇಶದ ಹಂಚಿಕೆಯನ್ನು ಸ್ವಯಂಸೇವಕ ಕೋಆರ್ಡಿನೇಟರ್‌ಗಳು ನೋಡಿಕೊಂಡು ಬಂದಿದ್ದಾರೆ. 44.131 ಬ್ರಿಟನ್ನಿನದು, 44.135 ಕೆನಡಾದ್ದು, 44.136 ಆಸ್ಟ್ರೇಲಿಯಾದ್ದು, 44.137 ನೆದರ್ಲೆಂಡ್ಸಿನದು, ಹೀಗೆ.

ಇನ್ನೊಂದು ಅನುಕೂಲವೂ ಉಂಟು. 44.0ರಿಂದ 44.191ರ ವರೆಗಿನ ಈ ಭಾಗದ ವಿಳಾಸ ಸಿಗುವುದು ಪರವಾನಗಿ ಇದ್ದವರಿಗೆ ಮಾತ್ರ. ಹಾಗಾಗಿ ನಿಮ್ಮ ಗೇಟ್‌ವೇ (ರೇಡಿಯೋ ಜಾಲವನ್ನು ಇಂಟರ್ನೆಟ್ಟಿಗೆ ಸೇರಿಸುವ ಯಂತ್ರ) ಬಾಗಿಲಿಗೆ ಬಂದ ಪ್ಯಾಕೆಟ್ಟಿನ ಮೂಲ ವಿಳಾಸ ಈ ಭಾಗದ್ದಾದರೆ ‘ಇದು ಹ್ಯಾಮ್ ಇರಬೇಕು’ ಎಂದು ಮೊದಲ ಜರಡಿ ಹಿಡಿಯಬಹುದು. ಮೊದಲ ಜರಡಿ ಮಾತ್ರ; ಮೂಲ ವಿಳಾಸವನ್ನು ಸುಳ್ಳು ಬರೆಯುವುದು ಕಷ್ಟವೇನಲ್ಲ.

ಪ್ರಶ್ನೆ: ಕೋಆರ್ಡಿನೇಟರ್‌ಗೆ ಅರ್ಜಿ ಹಾಕುವಾಗ ಎಷ್ಟು ವಿಳಾಸ ಕೇಳಬೇಕು? ಅವರು ಏನೇನು ನೋಡುತ್ತಾರೆ?

ಉತ್ತರ: ಅರ್ಜಿ ಹಾಕುವುದು ಆ್ಯಂಪರ್‌ನೆಟ್ ಪೋರ್ಟಲ್ಲಿನಲ್ಲಿ. ಅದಕ್ಕೆ ಚಾಲ್ತಿಯಲ್ಲಿರುವ ಪರವಾನಗಿ, ಕಾಲ್‌ಸೈನ್ (ಪರವಾನಗಿಯೊಂದಿಗೆ ಸಿಗುವ ಗುರುತಿನ ಹೆಸರು), ತಲುಪಬಹುದಾದ ಇ-ಮೇಲ್ ಬೇಕು. ಆಮೇಲೆ ನೋಡುವುದು ಮೂರು ವಿಷಯ. ಜಾಲ ಎಲ್ಲಿದೆ, ಹೊರಜಗತ್ತಿಗೆ ಹೇಗೆ ಸೇರುತ್ತದೆ (ಇಂಟರ್ನೆಟ್ಟಿನೊಳಗಿನ ಸುರಂಗ ಅಂದರೆ ಟನಲ್ಲೋ, ಇಂಟರ್ನೆಟ್ಟಿಗೆ ನೇರ ಘೋಷಣೆಯೋ, ಬರೀ ರೇಡಿಯೋವೋ), ಎಷ್ಟು ನಿಲ್ದಾಣ. ‘ಪ್ರಯೋಗಕ್ಕಾಗಿ’ ಎಂಬ ಒಂದೇ ಪದದ ಅರ್ಜಿಯನ್ನು ಯಾವ ಕೋಆರ್ಡಿನೇಟರೂ ಇಷ್ಟಪಡುವುದಿಲ್ಲ. ‘1200 ಬಾಡ್‌ನ ಒಂದು ವಿಎಚ್‌ಎಫ್ ಚಾನೆಲ್, ಹದಿನೆಂಟು ನಿಲ್ದಾಣ, 9600ರ ಯುಎಚ್‌ಎಫ್ ಚಾನೆಲ್, ಏಳು ನಿಲ್ದಾಣ, ಬೆಟ್ಟದ ಮೇಲೆ ನಾಲ್ಕು ಸರ್ವರ್, ಎರಡು ಲಿಂಕ್’ ಎಂದು ಬರೆದರೆ ಉತ್ತರ ಬೇಗ ಬರುತ್ತದೆ. (ಬಾಡ್ ಅಂದರೆ ಇಲ್ಲಿ ಸೆಕೆಂಡಿಗೆ ಹೋಗುವ ಬಿಟ್‌ಗಳ ಲೆಕ್ಕ; ವಿಎಚ್‌ಎಫ್, ಯುಎಚ್‌ಎಫ್ ಎರಡು ರೇಡಿಯೋ ತರಂಗಪಟ್ಟಿಗಳು.)

ಗಾತ್ರ ಯಾವಾಗಲೂ ಎರಡರ ಘಾತದಲ್ಲೇ ಇರುತ್ತದೆ. ವಿಳಾಸದ 32 ಬಿಟ್‌ಗಳಲ್ಲಿ ಎಷ್ಟು ಜಾಲದ ಗುರುತಿಗೆ ಹೋಗುತ್ತವೆ ಎಂಬುದೇ ಸ್ಲ್ಯಾಷ್ ಮುಂದಿನ ಸಂಖ್ಯೆ; ಅದು ಹೆಚ್ಚಿದಷ್ಟೂ ಬ್ಲಾಕು ಚಿಕ್ಕದು. ಸ್ಲ್ಯಾಷ್ 29 ಅಂದರೆ 8 ವಿಳಾಸ, ಬಳಸಲು ಸಿಗುವುದು 6. ಸ್ಲ್ಯಾಷ್ 28ರಲ್ಲಿ 16ಕ್ಕೆ 14, ಸ್ಲ್ಯಾಷ್ 27ರಲ್ಲಿ 32ಕ್ಕೆ 30, ಸ್ಲ್ಯಾಷ್ 24ರಲ್ಲಿ 256ಕ್ಕೆ 254. ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ ಹೋಗುತ್ತದೆ. ಮನೆಯಲ್ಲಿ ಒಬ್ಬರೇ ಆಡುವವರಿಗೆ ಸ್ಲ್ಯಾಷ್ 29 ಸಾಕು, ಗೇಟ್‌ವೇ ಇಡುವವರಿಗೆ ಸ್ಲ್ಯಾಷ್ 28. ಇಪ್ಪತ್ತೈದು ನಿಲ್ದಾಣದ ಕ್ಲಬ್ಬು ಸ್ಲ್ಯಾಷ್ 24 ಕೇಳುವುದು ದುರಾಸೆಯಲ್ಲ. ಯಾಕೆ ಎಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಮಗೆ ಒಂದು ಸ್ಲ್ಯಾಷ್ 24 ಸಿಕ್ಕಿದೆ. ಸದಸ್ಯತ್ವ ಸಂಖ್ಯೆಯ ಪ್ರಕಾರ ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಡೋಣ ಅಂತ ಸಭೆಯಲ್ಲಿ ತೀರ್ಮಾನವಾಗಿದೆ. ಸರಿ ತಾನೆ?

ಉತ್ತರ: ದಯವಿಟ್ಟು ಆ ತೀರ್ಮಾನವನ್ನು ಇನ್ನೊಂದು ಸಭೆ ಕರೆದು ರದ್ದುಮಾಡಿ. ಐಪಿ ವಿಳಾಸ ಸದಸ್ಯರ ಹಿರಿತನಕ್ಕೆ ಕೊಡುವ ನಂಬರಲ್ಲ. ಯಾರ ರೇಡಿಯೋ ಯಾರಿಗೆ ಕೇಳಿಸುತ್ತದೆ ಎಂಬುದರ ನಕ್ಷೆ ಅದು. ಸದಸ್ಯ ನಂಬರ್ 7 ವಿಎಚ್‌ಎಫ್‌ನಲ್ಲೂ 8 ಯುಎಚ್‌ಎಫ್‌ನಲ್ಲೂ 9 ಬೆಟ್ಟದಾಚೆಯೂ ಇದ್ದರೆ ರೌಟಿಂಗ್ ಟೇಬಲ್ಲಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಾಲು ಬರೆಯಬೇಕಾಗುತ್ತದೆ. ಇಪ್ಪತ್ತೈದು ಸಾಲು ಇವತ್ತು ಬರೆದುಬಿಡಬಹುದು. ಎರಡು ವರ್ಷದ ನಂತರ ಅದರಲ್ಲಿ ಯಾವುದು ಸತ್ತಿದೆ, ಯಾವುದು ಬದುಕಿದೆ ಎಂದು ಹೇಳುವವರು ಇರುವುದಿಲ್ಲ.

ಒಂದೇ ಫ್ರೀಕ್ವೆನ್ಸಿ, ಒಂದೇ ವೇಗ, ಒಂದೇ ನೋಡ್ (ಪ್ಯಾಕೆಟ್ಟುಗಳನ್ನು ಮುಂದೆ ದಾಟಿಸುವ ನಡುವಣ ನಿಲ್ದಾಣ) ಕೇಳುವವರೆಲ್ಲ ಒಂದು ಸಬ್‌ನೆಟ್, ಅಂದರೆ ಉಪಜಾಲ. ಇದನ್ನು ಹಿಡಿದು 44.128.20.0ದ ಸ್ಲ್ಯಾಷ್ 24 ಅನ್ನು ಕತ್ತರಿಸಿ ನೋಡೋಣ.

ವಿಎಚ್‌ಎಫ್ 1200 ಬಾಡ್ ಚಾನೆಲ್ಲಿಗೆ 0ಯಿಂದ 63ರ ವರೆಗಿನ ಸ್ಲ್ಯಾಷ್ 26. ಹದಿನೆಂಟು ಜನಕ್ಕೆ 62 ಜಾಗ, ಬೆಳೆಯಲು ಬಿಟ್ಟದ್ದು. ಯುಎಚ್‌ಎಫ್ 9600ಕ್ಕೆ 64ರಿಂದ 95ರ ವರೆಗಿನ ಸ್ಲ್ಯಾಷ್ 27. ಬೆಟ್ಟದ ಮೇಲಿನ ಮೇಲ್‌ಬಾಕ್ಸ್, ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವುದು), ಹವಾಮಾನ ಸರ್ವರುಗಳಿಗೆ 96ರಿಂದ 111ರ ಸ್ಲ್ಯಾಷ್ 28. 112ರಿಂದ 127ರ ವರೆಗಿನ ಹದಿನಾರನ್ನು ನಾಲ್ಕು ಸ್ಲ್ಯಾಷ್ 30 ಮಾಡಿ ಪಾಯಿಂಟ್-ಟು-ಪಾಯಿಂಟ್ ಲಿಂಕುಗಳಿಗೆ ಇಡಿ. ಎರಡು ತುದಿಗೆ ಎರಡು ವಿಳಾಸ, ಲಿಂಕಿಗೆ ಅಷ್ಟೇ ಬೇಕಾದದ್ದು. 128ರಿಂದ ಮೇಲಿನ ಅರ್ಧವನ್ನು ಮುಟ್ಟಲೇಬೇಡಿ. ಎರಡನೇ ಬೆಟ್ಟದಲ್ಲಿ ನೋಡ್ ಏರಿಸಿದ ದಿನ ಆ ಸ್ಲ್ಯಾಷ್ 25 ಅನ್ನು ಇಡಿಯಾಗಿ ಅಲ್ಲಿಗೆ ಕೊಟ್ಟರೆ ಮೊದಲ ಬೆಟ್ಟದ ರೌಟರಿನಲ್ಲಿ ಬರೆಯಬೇಕಾದದ್ದು ಒಂದೇ ಸಾಲು.

ಕತ್ತರಿಸುವಾಗ ಗಡಿ ತಪ್ಪುವುದು ಬಹಳ ಸಾಮಾನ್ಯ. ಸ್ಲ್ಯಾಷ್ 27 ಶುರುವಾಗಬೇಕಾದದ್ದು 32ರ ಗುಣಕದಲ್ಲಿ: 0, 32, 64, 96. ‘50ರಿಂದ ಸ್ಲ್ಯಾಷ್ 27 ಕೊಡಿ’ ಅಂದರೆ ರೌಟರ್ ಅದನ್ನು 32ರಿಂದ 63 ಎಂದೇ ಓದುತ್ತದೆ, ಇಲ್ಲವೇ ತಪ್ಪು ಎಂದು ಬೈಯುತ್ತದೆ. ಬೈದರೆ ಒಳ್ಳೆಯದು.

ಪ್ರತಿ ಸಬ್‌ನೆಟ್ಟಿನಲ್ಲಿ ಬಳಸಲು ಸಿಗುವ ಮೊದಲ ನಂಬರನ್ನು ನೋಡ್‌ಗೆ ಕೊಡುವ ಅಭ್ಯಾಸ ಇಟ್ಟುಕೊಳ್ಳಿ. ವಿಎಚ್‌ಎಫ್‌ನ ನೋಡ್ 1, ಯುಎಚ್‌ಎಫ್‌ನದು 65. ಹೊಸಬರು ಗೇಟ್‌ವೇ ಯಾವುದೆಂದು ಕೇಳಬೇಕಾಗಿಯೇ ಬರುವುದಿಲ್ಲ.

ಪ್ರಶ್ನೆ: ಇಬ್ಬರು ಸದಸ್ಯರು ಒಂದೇ ಸಬ್‌ನೆಟ್ಟಿನಲ್ಲಿದ್ದಾರೆ. ನೋಡ್ ಇಬ್ಬರಿಗೂ ಪಿಂಗ್ (‘ಇದ್ದೀಯಾ?’ ಎಂದು ಕೇಳಿ ಉತ್ತರ ಪಡೆಯುವ ಪರೀಕ್ಷೆ) ಆಗುತ್ತದೆ. ಅವರಿಬ್ಬರ ನಡುವೆ ಮಾತ್ರ ಒಂದು ಪ್ಯಾಕೆಟ್ಟೂ ಹೋಗುವುದಿಲ್ಲ. ವಿಳಾಸದಲ್ಲಿ ತಪ್ಪಿದೆಯೇ?

ಉತ್ತರ: ವಿಳಾಸ ಸರಿಯಾಗಿದೆ. ತಪ್ಪಿರುವುದು ಈಥರ್ನೆಟ್ ಕಲಿಸಿಕೊಟ್ಟ ನಂಬಿಕೆಯಲ್ಲಿ. ಒಂದೇ ಸಬ್‌ನೆಟ್ ಅಂದರೆ ಎಲ್ಲರಿಗೂ ಎಲ್ಲರೂ ಕೇಳಿಸುತ್ತಾರೆ ಎಂದು ಐಪಿ ಭಾವಿಸಿಕೊಂಡಿದೆ. ಕೇಬಲ್ಲಿನಲ್ಲಿ ಅದು ನಿಜ, ಗಾಳಿಯಲ್ಲಿ ಅಲ್ಲ. ನಿಮ್ಮ ಇಬ್ಬರು ಸದಸ್ಯರ ನಡುವೆ ಗುಡ್ಡವಿರಬೇಕು.

ಹತ್ತಿರದಿಂದ ನೋಡಿ. 44.128.20.5 ತನ್ನ ಪಕ್ಕದ 44.128.20.9ಕ್ಕೆ ಪ್ಯಾಕೆಟ್ ಕಳಿಸಬೇಕು. ಒಂದೇ ಸಬ್‌ನೆಟ್, ಆದ್ದರಿಂದ ನೋಡ್ ಅನ್ನು ಕೇಳಬೇಕಾಗಿಲ್ಲ ಎಂದುಕೊಳ್ಳುತ್ತದೆ. 9ರ ಕಾಲ್‌ಸೈನ್ ಗೊತ್ತಿಲ್ಲ, ಹಾಗಾಗಿ ‘9 ಯಾರು?’ ಎಂದು ಎಆರ್‌ಪಿ (ಐಪಿ ನಂಬರಿನ ಹಿಂದಿನ ಕಾಲ್‌ಸೈನ್ ಹುಡುಕುವ ವಿಧಾನ) ಪ್ರಶ್ನೆಯನ್ನು ಕ್ಯೂಎಸ್‌ಟಿ ಎಂಬ ಸಾಮೂಹಿಕ ವಿಳಾಸಕ್ಕೆ ಕೂಗುತ್ತದೆ. ಆ ಫ್ರೇಮಿನ ಪ್ರೋಟೋಕಾಲ್ ಬೈಟ್ 205. ಐಪಿ ಹೊತ್ತ ಫ್ರೇಮಾದರೆ 204. ನೋಡ್‌ಗೆ ಈ ಕೂಗು ಕೇಳಿಸುತ್ತದೆ. ತನ್ನ ನಂಬರಲ್ಲ ಎಂದು ಸುಮ್ಮನಾಗುತ್ತದೆ. 9ಕ್ಕೆ ಕೇಳಿಸುವುದೇ ಇಲ್ಲ. 5ರ ಎಆರ್‌ಪಿ ಪಟ್ಟಿಯಲ್ಲಿ 9ರ ಎದುರು ‘ಅಪೂರ್ಣ’ ಎಂದಿದ್ದರೆ ಕಾಯಿಲೆ ಇದೇ.

ಮದ್ದು ಎರಡಿದೆ. ಮೊದಲನೆಯದು, ಇಬ್ಬರ ಎಆರ್‌ಪಿ ಪಟ್ಟಿಯಲ್ಲೂ ಎದುರಿನವರ ಕಾಲ್‌ಸೈನನ್ನು ಕೈಯಾರೆ ಬರೆದು, ಎಎಕ್ಸ್.25 (ಪ್ಯಾಕೆಟ್ ರೇಡಿಯೋದ ಕೆಳಹಂತದ ಪ್ರೋಟೋಕಾಲ್) ರೂಟಿನಲ್ಲಿ ‘ಈ ಡಿಜಿಪೀಟರ್ ಮೂಲಕ’ ಎಂದು ಸೇರಿಸುವುದು. ಡಿಜಿಪೀಟರ್ ಅಂದರೆ ಕೇಳಿದ ಪ್ಯಾಕೆಟ್ಟನ್ನು ಹಾಗೇ ಮತ್ತೆ ಪ್ರಸಾರ ಮಾಡುವ ನಿಲ್ದಾಣ. ಎರಡೂ ತುದಿಯಲ್ಲಿ ಬರೆಯಬೇಕು. ಒಂದು ಕಡೆ ಮರೆತರೆ ಹೋಗುತ್ತದೆ, ಬರುವುದಿಲ್ಲ. ಇಬ್ಬರಿಗಾದರೆ ಇದು ಸರಿ, ಹತ್ತು ಜೋಡಿಗಾದರೆ ತಲೆನೋವು.

ಎರಡನೆಯದು ನಮಗೆ ಹೆಚ್ಚು ಹಿಡಿಸುವುದು. ನಿಲ್ದಾಣಗಳಲ್ಲಿ ಇಡೀ ಸಬ್‌ನೆಟ್ ರೇಡಿಯೋ ಮೇಲಿದೆ ಎಂಬ ರೂಟನ್ನೇ ತೆಗೆದುಹಾಕಿ. ರೇಡಿಯೋ ಇಂಟರ್‌ಫೇಸಿಗೆ ಸ್ಲ್ಯಾಷ್ 32 ಮಾಸ್ಕ್ ಕೊಡಿ, ನೋಡ್‌ಗೆ (44.128.20.1) ಮಾತ್ರ ನೇರ ರೂಟ್ ಬರೆಯಿರಿ, ಉಳಿದ ಸಬ್‌ನೆಟ್ಟೆಲ್ಲ ನೋಡ್ ಮೂಲಕ ಎನ್ನಿ. ನೋಡ್ ಡಿಜಿಪೀಟರ್ ಆಗುವ ಬದಲು ಐಪಿ ರೌಟರ್ ಆಗುತ್ತದೆ. ನಿಜವಾಗಿಯೂ ನೇರ ಕೇಳಿಸುವ ಇಬ್ಬರಿದ್ದರೆ ಅವರು ತಮ್ಮತಮ್ಮೊಳಗೆ ಒಂದು ಹೋಸ್ಟ್ ರೂಟ್ ಹಾಕಿಕೊಳ್ಳಲಿ.

ಇಲ್ಲಿ ಒಂದು ಗುಂಡಿ ಇದೆ, ಬಹಳ ಮಂದಿ ಬೀಳುವುದು. ಬಂದ ಇಂಟರ್‌ಫೇಸಿನಲ್ಲೇ ಪ್ಯಾಕೆಟ್ ವಾಪಸ್ ಹೋಗುವುದನ್ನು ನೋಡಿದ ಲಿನಕ್ಸ್ ನೋಡ್ ಉಪಕಾರ ಮಾಡಲು ಹೊರಡುತ್ತದೆ. ‘ನನ್ನನ್ನೇಕೆ ಕೇಳುತ್ತೀ, ನೇರವಾಗಿ 9ಕ್ಕೇ ಕಳಿಸು’ ಎಂದು 5ಕ್ಕೆ ಐಸಿಎಂಪಿ ರೀಡೈರೆಕ್ಟ್ ಕಳಿಸುತ್ತದೆ. 5 ಅದನ್ನು ನಂಬುತ್ತದೆ. ಮೊದಲ ಒಂದೆರಡು ಪಿಂಗ್ ಆಗಿ ಆಮೇಲೆ ಎಲ್ಲ ಸ್ತಬ್ಧ. ನೋಡ್‌ನಲ್ಲಿ ರೀಡೈರೆಕ್ಟ್ ಕಳಿಸುವುದನ್ನು ನಿಲ್ಲಿಸಿ. ಆ ಇಂಟರ್‌ಫೇಸಿಗೆ ಮಾತ್ರ ನಿಲ್ಲಿಸಿದರೆ ಸಾಲದು, ‘ಆಲ್’ ಎಂಬ ಸಾಮಾನ್ಯ ಸೆಟ್ಟಿಂಗಿನಲ್ಲೂ ಸೊನ್ನೆ ಮಾಡಬೇಕು. ಎರಡರಲ್ಲಿ ಒಂದು ತೆರೆದಿದ್ದರೂ ಕರ್ನಲ್ ಕಳಿಸುತ್ತದೆ. ನಿಲ್ದಾಣಗಳಲ್ಲಿ ರೀಡೈರೆಕ್ಟ್ ಒಪ್ಪಿಕೊಳ್ಳುವುದನ್ನೂ ಮುಚ್ಚಿಬಿಡಿ.

ಪ್ರಶ್ನೆ: ಪ್ರತಿಯೊಬ್ಬರೂ ನಂಬರು ಟೈಪ್ ಮಾಡುವ ಬದಲು ನೋಡ್‌ನಲ್ಲಿ ಡಿಎಚ್‌ಸಿಪಿ (ವಿಳಾಸವನ್ನು ತಾನಾಗಿಯೇ ಹಂಚುವ ವ್ಯವಸ್ಥೆ) ಇಟ್ಟರೆ?

ಉತ್ತರ: 1200 ಬಾಡ್‌ನಲ್ಲಿ ಬೇಡ. ಹೋಗಿಬರುವ ನಾಲ್ಕೂ ಸಂದೇಶಗಳು ಮುನ್ನೂರು ಬೈಟಿನ ಆಸುಪಾಸಿನವು, ಒಂದು ವಿಳಾಸಕ್ಕಾಗಿ ಹತ್ತು ಸೆಕೆಂಡಿನಷ್ಟು ಚಾನೆಲ್ ಹೋಗುತ್ತದೆ. ಅದಕ್ಕಿಂತ ಮುಖ್ಯ, ಇಲ್ಲಿ ವಿಳಾಸ ಒಂದು ಕಾಲ್‌ಸೈನಿಗೆ ಕಟ್ಟಿಕೊಂಡಿರಬೇಕು. ನಿನ್ನೆ 14 ಯಾರಾಗಿದ್ದರು ಎಂದು ಲಾಗ್ ಹುಡುಕುವ ಸ್ಥಿತಿ ಬರಬಾರದು.

ಪ್ರಶ್ನೆ: ವಿಳಾಸ ಸರಿ, ಪಿಂಗ್ ಸರಿ. ಆದರೆ ಡಿಜಿಪೀಟರ್ ಮೂಲಕ ಟೆಲ್‌ನೆಟ್ ಮಾಡಿದರೆ ಒಂದೇ ಪ್ಯಾಕೆಟ್ ಮೂರು ಮೂರು ಸಲ ಗಾಳಿಯಲ್ಲಿ ಹೋಗುತ್ತದೆ. ಯಾಕೆ?

ಉತ್ತರ: ನಿಮ್ಮ ಕಂಪ್ಯೂಟರಿಗೆ ಸಹನೆ ಇಲ್ಲ. ಲೆಕ್ಕ ಹಾಕಿ ತೋರಿಸುತ್ತೇವೆ.

ಟಿಸಿಪಿ (ಪ್ಯಾಕೆಟ್ ತಲುಪಿದ ಉತ್ತರಕ್ಕೆ ಕಾದು, ಬಾರದಿದ್ದರೆ ಮತ್ತೆ ಕಳಿಸುವ ಪ್ರೋಟೋಕಾಲ್) ಸಂಪರ್ಕ ಶುರುಮಾಡುವ ಸಿನ್ ಪ್ಯಾಕೆಟ್ ಸುಮಾರು 60 ಬೈಟ್. ಎಎಕ್ಸ್.25ರ ಎರಡು ಕಾಲ್‌ಸೈನಿಗೆ 14, ಕಂಟ್ರೋಲ್ 1, ಪ್ರೋಟೋಕಾಲ್ 1, ತಪಾಸಣೆ ಮೊತ್ತ 2, ಎರಡು ತುದಿಯ ಫ್ಲ್ಯಾಗ್ 2: ಒಟ್ಟು 80 ಬೈಟ್, 640 ಬಿಟ್. 1200ರಿಂದ ಭಾಗಿಸಿದರೆ 0.53 ಸೆಕೆಂಡ್. ಟ್ರಾನ್ಸ್‌ಮಿಟರ್ ಎದ್ದು ನಿಲ್ಲಲು ಟಿಎಕ್ಸ್-ಡಿಲೇ 300 ಮಿಲಿಸೆಕೆಂಡ್ ಸೇರಿಸಿ: 0.83. ಡಿಜಿಪೀಟರ್ ಅದೇ ಚಾನೆಲ್ಲಿನಲ್ಲಿ ಮತ್ತೊಮ್ಮೆ ಹೇಳುತ್ತದೆ, ಆದ್ದರಿಂದ ಹೋಗಲು 1.7, ಉತ್ತರ ಬರಲು ಇನ್ನೊಂದು 1.7. ಚಾನೆಲ್ ಖಾಲಿ ಇದ್ದರೂ 3.4 ಸೆಕೆಂಡ್. ಈಗಿನ ಟಿಸಿಪಿ ಮೊದಲ ಸಲ ಕಾಯುವುದು 1 ಸೆಕೆಂಡ್, ಆಮೇಲೆ 2. ಅಂದರೆ ಉತ್ತರ ಬರುವಷ್ಟರಲ್ಲಿ 1ನೇ ಸೆಕೆಂಡಿಗೂ 3ನೇ ಸೆಕೆಂಡಿಗೂ ಹೊಸ ಪ್ರತಿಗಳು ಟಿಎನ್‌ಸಿಯ (ಕಂಪ್ಯೂಟರಿಗೂ ರೇಡಿಯೋಗೂ ನಡುವಿನ ಮೋಡೆಮ್) ಸಾಲಿನಲ್ಲಿ ಬಂದು ಕೂತಿರುತ್ತವೆ. ನೀವು ಕಂಡ ಮೂರು ಇದೇ.

ಪೂರ್ಣ 256 ಬೈಟಿನ ಪ್ಯಾಕೆಟ್ಟಾದರೆ ಒಂದು ಸಲಕ್ಕೇ 2.1 ಸೆಕೆಂಡ್, ಡಿಜಿಪೀಟರ್ ಸೇರಿ 4.3. ಮರುಕಳಿಸಿದ ಪ್ಯಾಕೆಟ್ಟಿಗೆ ಬಂದ ಉತ್ತರ ಮೊದಲ ಪ್ರತಿಯದೋ ಎರಡನೆಯದೋ ಗೊತ್ತಾಗುವುದಿಲ್ಲವಲ್ಲ. ಹಾಗಾಗಿ ಅದನ್ನು ಸಮಯದ ಅಂದಾಜಿಗೆ ತೆಗೆದುಕೊಳ್ಳಲೇಬಾರದು ಎಂಬ ನಿಯಮವನ್ನು ಫಿಲ್ ಕಾರ್ನ್ ಮತ್ತು ಕ್ರೇಗ್ ಪಾರ್ಟ್ರಿಜ್ 1987ರಲ್ಲಿ ಮಂಡಿಸಿದರು. ಕಾರ್ನ್ ಅವರೇ ಪ್ಯಾಕೆಟ್ ರೇಡಿಯೋಗೆ ಟಿಸಿಪಿ ಬರೆದ ಹ್ಯಾಮ್, ಕೆಎ9ಕ್ಯೂ. ಇವತ್ತು ಲೋಕದ ಪ್ರತಿ ಫೋನಿನೊಳಗೂ ಆ ನಿಯಮ ಕೂತಿದೆ.

ಮಾಡಬೇಕಾದದ್ದು: ರೇಡಿಯೋ ಇಂಟರ್‌ಫೇಸಿನ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 256 ಬೈಟ್ ಇರಲಿ. ರೇಡಿಯೋ ರೂಟಿನ ಮೇಲೆ ಕನಿಷ್ಠ ಮರುಕಳಿಕೆ ಸಮಯವನ್ನು (ಲಿನಕ್ಸಿನಲ್ಲಿ ಆರ್‌ಟಿಒ-ಮಿನ್) 8 ಸೆಕೆಂಡಿನ ಸುತ್ತ ಇಡಿ, ಟಿಸಿಪಿ ವಿಂಡೋ (ಉತ್ತರಕ್ಕೆ ಕಾಯದೆ ಕಳಿಸಬಹುದಾದಷ್ಟು) 432 ಬೈಟ್, ಅಂದರೆ 216ರ ಎರಡು ತುಂಡು. ಸಿನ್ ಪ್ಯಾಕೆಟ್ ಒಂದಷ್ಟು ಸಲ ಮರುಕಳಿಸುವುದು ಆಗಲೂ ಉಳಿಯಬಹುದು. ಸಂಪರ್ಕ ಕೂಡಿದ ಮೇಲೆ ಸುಧಾರಿಸುತ್ತದೆ. ಗೇಟ್‌ವೇ ಮೂಲಕ ಹೊರಗಿನಿಂದ ಬರುವ ಸಂಪರ್ಕಗಳಿಗೂ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹೋಗುವ ಟಿಸಿಪಿ ಮಾಹಿತಿಯ ಗರಿಷ್ಠ ಗಾತ್ರ) 216ಕ್ಕೆ ಇಳಿಸಿ. ಇಲ್ಲದಿದ್ದರೆ 1480 ಬೈಟಿನ ಪ್ಯಾಕೆಟ್ ಏಳು ತುಂಡಾಗಿ ಗಾಳಿಗೆ ಹೋಗುತ್ತದೆ. ಒಂದೊಂದು ತುಂಡೂ ನೂರಕ್ಕೆ ತೊಂಬತ್ತು ಸಲ ತಲುಪುತ್ತದೆ ಎಂದುಕೊಂಡರೂ ಏಳೂ ತಲುಪುವ ಸಾಧ್ಯತೆ ಶೇ. 48. ಒಂದು ಕಳೆದರೆ ಏಳೂ ವ್ಯರ್ಥ.

ಪ್ರಶ್ನೆ: ಗೇಟ್‌ವೇ ನೋಂದಾಯಿಸಿ ಐಪಿಐಪಿ ಟನಲ್ ಹಾಕಿದ್ದೇವೆ. ಪ್ಯಾಕೆಟ್ ಹೊರಹೋಗುವುದು ಕಾಣುತ್ತದೆ, ಒಳಗೆ ಒಂದೂ ಬರುವುದಿಲ್ಲ.

ಉತ್ತರ: ಈ ದೂರು ಬಂದಷ್ಟು ಇನ್ನಾವುದೂ ಬಂದಿಲ್ಲ. ಕಾರಣಗಳನ್ನು ಹೊರಗಿನಿಂದ ಒಳಕ್ಕೆ ಒಂದೊಂದಾಗಿ ತಳ್ಳಿಹಾಕುತ್ತ ಬನ್ನಿ.

ಮೊದಲು ನಿಮ್ಮ ಇಂಟರ್ನೆಟ್ ಸಂಪರ್ಕಕ್ಕೆ ನಿಜವಾದ ಸಾರ್ವಜನಿಕ ವಿಳಾಸ ಇದೆಯೇ ನೋಡಿ. ರೌಟರಿನ ಹೊರಮುಖದಲ್ಲಿ 100.64ರಿಂದ 100.127ರ ನಡುವಿನ ವಿಳಾಸ ಕಂಡರೆ ನಿಮ್ಮ ಸೇವಾದಾರರು ಹಲವು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸಿದ್ದಾರೆ. ಅಲ್ಲಿಗೆ ಐಪಿಐಪಿ ಮುಗಿಯಿತು. ಸಾರ್ವಜನಿಕ ವಿಳಾಸ ಕೇಳಿ ಪಡೆಯಬೇಕು, ಇಲ್ಲವೇ ಬಾಡಿಗೆ ಸರ್ವರೊಂದರಲ್ಲಿ ಟನಲ್ ಮುಗಿಸಿ ಅಲ್ಲಿಂದ ಮನೆಗೆ ಬೇರೆ ಟನಲ್ ತರಬೇಕು.

ಆಮೇಲೆ ಮನೆಯ ರೌಟರ್. ಐಪಿಐಪಿ ಅಂದರೆ ಐಪಿಯೊಳಗೆ ಐಪಿ, ಪ್ರೋಟೋಕಾಲ್ ಸಂಖ್ಯೆ 4. ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ, ಪೋರ್ಟ್ ನಂಬರೇ ಇಲ್ಲ. ‘ಪೋರ್ಟ್ 4 ಫಾರ್ವರ್ಡ್ ಮಾಡಿದ್ದೇವೆ’ ಎಂದು ಬರೆದವರು ಈ ಸಲವೂ ಇದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಗೇಟ್‌ವೇ ಕಂಪ್ಯೂಟರನ್ನು ಡಿಎಂಝಡ್‌ನಲ್ಲಿಡಿ, ಅಂದರೆ ಹೊರಗಿನಿಂದ ಬಂದದ್ದೆಲ್ಲ ನೇರ ಅದಕ್ಕೇ ಹೋಗುವಂತೆ ಮಾಡಿ. ಕೆಲವು ಅಗ್ಗದ ರೌಟರುಗಳು ಡಿಎಂಝಡ್‌ಗೂ ಪ್ರೋಟೋಕಾಲ್ 4 ಬಿಡುವುದಿಲ್ಲ, ಆಗ ಬ್ರಿಡ್ಜ್ ಮೋಡ್ (ರೌಟರ್ ತನ್ನ ಕೆಲಸ ಬಿಟ್ಟು ಬರೀ ಸೇತುವೆಯಾಗುವುದು) ಒಂದೇ ದಾರಿ.

ಮೂರನೆಯದು ರೂಟುಗಳು ಬರುತ್ತಿವೆಯೇ ಎಂಬುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಗೇಟ್‌ವೇ ಎಲ್ಲ ಸಬ್‌ನೆಟ್ಟುಗಳ ಪಟ್ಟಿಯನ್ನು ರಿಪ್ ಎಂಬ ದಾರಿಗಳ ಪಟ್ಟಿ ಹಂಚುವ ಪ್ರೋಟೋಕಾಲಿನ ತುಸು ಬದಲಿಸಿದ ರೂಪದಲ್ಲಿ, ಟನಲ್ಲಿನ ಒಳಗೇ, 224.0.0.9ಕ್ಕೆ, ಸುಮಾರು 5 ನಿಮಿಷಕ್ಕೊಮ್ಮೆ ಕಳಿಸುತ್ತದೆ. ಟನಲ್ ಇಂಟರ್‌ಫೇಸಿನ ಮೇಲೆ ಯುಡಿಪಿ 520 ಕಾಯುತ್ತ ಹತ್ತು ನಿಮಿಷ ಕೂತು ನೋಡಿ. ಏನೂ ಬರದಿದ್ದರೆ ಮೇಲಿನ ಎರಡರಲ್ಲೇ ತಪ್ಪಿದೆ. ಬರುತ್ತಿದ್ದರೆ ಮುಂದೆ ಓದಿ.

ನಾಲ್ಕನೆಯದು ಹೊರಹೋಗುವ ದಾರಿ. ಇಂಟರ್ನೆಟ್ಟಿನಿಂದ ಬಂದ ಪ್ರಶ್ನೆಗೆ ನಿಮ್ಮ 44ರ ಯಂತ್ರ ಉತ್ತರಿಸುತ್ತದೆ, ಉತ್ತರ ಮಾಮೂಲಿ ಡೀಫಾಲ್ಟ್ ರೂಟ್ ಹಿಡಿದು ಸೇವಾದಾರರ ಕಡೆ ಹೋಗುತ್ತದೆ. ‘44ರ ಮೂಲ ವಿಳಾಸ ನಮ್ಮ ಗ್ರಾಹಕರದ್ದಲ್ಲ’ ಎಂದು ಅವರು ಅದನ್ನು ಬಿಸಾಡುತ್ತಾರೆ. ಬಿಸಾಡುವುದು ಸರಿಯಾದ ಪದ್ಧತಿಯೇ. ಆದ್ದರಿಂದ ಮೂಲ ವಿಳಾಸ ನೋಡಿ ದಾರಿ ಆರಿಸುವ ನಿಯಮ ಬೇಕು: ನಿಮ್ಮ 44ರ ಸಬ್‌ನೆಟ್ಟಿನಿಂದ ಹೊರಟದ್ದೆಲ್ಲ ಪ್ರತ್ಯೇಕ ಟೇಬಲ್ಲಿಗೆ, ಆ ಟೇಬಲ್ಲಿನ ಡೀಫಾಲ್ಟ್ ಟನಲ್ ಮೂಲಕ ಸ್ಯಾನ್ ಡಿಯಾಗೋ ಗೇಟ್‌ವೇಗೆ. ಜೊತೆಗೆ ಟನಲ್ ಇಂಟರ್‌ಫೇಸಿನ ಹಿಮ್ಮುಖ ದಾರಿ ತಪಾಸಣೆ (ಆರ್‌ಪಿ-ಫಿಲ್ಟರ್) 1ರಲ್ಲಿದ್ದರೆ 2 ಮಾಡಿ. 1 ಕಟ್ಟುನಿಟ್ಟು, 2 ಸಡಿಲ. ಟನಲ್ಲಿನ ಎಂಟಿಯು 1480 ಇರಲಿ, ಹೊರಗಿನ ಐಪಿ ತಲೆಬರಹಕ್ಕೆ 20 ಬೈಟ್ ಹೋಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಹ್ಯಾಮ್ ಜಾಲದೊಳಗೆ ಮಾತ್ರ ಕೆಲಸವಾಗಿ ಇಂಟರ್ನೆಟ್ ಕಡೆಯಿಂದ ಬಾರದಿದ್ದರೆ ಹೆಸರು ನೋಂದಣಿ ನೋಡಿ. ಆ ಯಂತ್ರದ ವಿಳಾಸಕ್ಕೆ ಆ್ಯಂಪರ್ ಡಾಟ್ ಆರ್ಗ್ ಕೆಳಗೆ ಕಾಲ್‌ಸೈನಿನ ಹೆಸರು ಇರಬೇಕು. ಹೆಸರಿಲ್ಲದ ವಿಳಾಸಕ್ಕೆ ಆ ಗೇಟ್‌ವೇ ಇಂಟರ್ನೆಟ್ ಸಂಚಾರ ಬಿಡುವುದಿಲ್ಲ. ಸಬ್‌ನೆಟ್ ಸಿಕ್ಕ ಸಂಭ್ರಮದಲ್ಲಿ ಮರೆತುಹೋಗುವುದು ಇದೇ.

ಪ್ರಶ್ನೆ: ಟನಲ್ ಹಾಕಿದ ಮೇಲೆ ಕೆಲವು ವೆಬ್‌ಸೈಟುಗಳು ತೆರೆಯುವುದೇ ಇಲ್ಲ. ಉಳಿದವು ಸರಿ ಇವೆ. ಏನು ಮಾಯೆ?

ಉತ್ತರ: ನಿಮ್ಮ ರೂಟಿಂಗ್ ಟೇಬಲ್ಲಿನಲ್ಲಿ ‘44.0.0.0, ಸ್ಲ್ಯಾಷ್ 8, ಟನಲ್ಲಿಗೆ’ ಎಂಬ ಸಾಲಿದೆ, 2019ಕ್ಕಿಂತ ಹಳೆಯ ಮಾರ್ಗದರ್ಶಿ ನೋಡಿ ಬರೆದದ್ದು. 44.192ರಿಂದ 44.255ರ ವರೆಗಿನದು ಈಗ ಅಮೆಜಾನಿನದು. ಆ ಸೈಟುಗಳು ಅಲ್ಲಿವೆ, ನಿಮ್ಮ ಪ್ಯಾಕೆಟ್ಟುಗಳು ಟನಲ್ಲಿನೊಳಗೆ ಹೋಗಿ ಸಾಯುತ್ತಿವೆ. ಆ ಸಾಲು ಅಳಿಸಿ ಎರಡು ಬರೆಯಿರಿ: 44.0.0.0 ಸ್ಲ್ಯಾಷ್ 9, 44.128.0.0 ಸ್ಲ್ಯಾಷ್ 10. ಫೈರ್‌ವಾಲಿನಲ್ಲಿ ‘44ರಿಂದ ಬಂದವರೆಲ್ಲ ಹ್ಯಾಮ್’ ಎಂಬ ನಿಯಮವಿದ್ದರೆ ಅದನ್ನೂ ಇವತ್ತೇ ತಿದ್ದಿ. ಅಮೆಜಾನಿನಲ್ಲಿ ಬಾಡಿಗೆ ಸರ್ವರ್ ತೆಗೆದುಕೊಂಡ ಯಾರು ಬೇಕಾದರೂ ಅದರ ಮೂಲಕ ನಿಮ್ಮ ಟ್ರಾನ್ಸ್‌ಮಿಟರ್ ಒತ್ತಬಹುದು.

ಪ್ರಶ್ನೆ: ಟನಲ್ಲಿನ ರಗಳೆ ಬೇಡ, ನಮ್ಮ ಬ್ಲಾಕನ್ನು ನೇರವಾಗಿ ಇಂಟರ್ನೆಟ್ಟಿಗೆ ಘೋಷಿಸಬಹುದೇ?

ಉತ್ತರ: ಬಿಜಿಪಿ (ದೊಡ್ಡ ಜಾಲಗಳು ತಮ್ಮ ವಿಳಾಸಗಳ ದಾರಿಯನ್ನು ಒಂದಕ್ಕೊಂದು ತಿಳಿಸುವ ಪ್ರೋಟೋಕಾಲ್) ಮೂಲಕ ಘೋಷಿಸಬಹುದು, ಸ್ಲ್ಯಾಷ್ 24 ಅಥವಾ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ. ಅದಕ್ಕಿಂತ ಚಿಕ್ಕದನ್ನು ಬಹುತೇಕ ಜಾಲಗಳು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅರ್ಜಿಯಲ್ಲೇ ನೇರ ಘೋಷಣೆ ಎಂದು ತಿಳಿಸಿ ಅನುಮತಿ ಪತ್ರ ಪಡೆಯಬೇಕು. ಘೋಷಿಸುವ ಸೇವಾದಾರರು ಅದನ್ನು ಕೇಳುತ್ತಾರೆ.

ಆದರೆ ಏನು ಒಳಗೆ ಬರುತ್ತದೆ ಎಂದು ತಿಳಿದಿರಲಿ. 44ರ ಖಾಲಿ ವಿಳಾಸಗಳಿಗೆ ಬಂದು ಬೀಳುವ ಕಸವನ್ನೇ ಸ್ಯಾನ್ ಡಿಯಾಗೋದ ಸಂಶೋಧಕರು ವರ್ಷಗಟ್ಟಲೆ ದೂರದರ್ಶಕದ ಹಾಗೆ ಬಳಸಿ ಇಂಟರ್ನೆಟ್ಟಿನ ಹುಳುಗಳನ್ನೂ ದಾಳಿಗಳನ್ನೂ ಅಧ್ಯಯನ ಮಾಡಿದ್ದಾರೆ. ಬಾಗಿಲು ತಟ್ಟಿ ನೋಡುವ ಒಂದೊಂದು ಪ್ಯಾಕೆಟ್ಟೂ 1200 ಬಾಡ್‌ನಲ್ಲಿ ಮುಕ್ಕಾಲು ಸೆಕೆಂಡ್ ತಿನ್ನುತ್ತದೆ. ರೇಡಿಯೋ ಕಡೆಗೆ ‘ಎಲ್ಲವನ್ನೂ ತಡೆ, ಹೇಳಿದ್ದನ್ನು ಬಿಡು’ ಎಂಬ ನಿಯಮ ಹಾಕಿದ ಮೇಲೆಯೇ ಘೋಷಿಸಿ.

ಪ್ರಶ್ನೆ: ರೇಡಿಯೋಗೆ ಕಂಪ್ಯೂಟರ್ ಜೋಡಿಸಿ ವಿಳಾಸ ಕೊಟ್ಟ ಕೂಡಲೇ ಯಾರೂ ಏನೂ ಮಾಡದೆ ಪಿಟಿಟಿ (ರೇಡಿಯೋದ ಪ್ರಸಾರದ ಗುಂಡಿ) ತನ್ನಷ್ಟಕ್ಕೆ ಒತ್ತಿಕೊಳ್ಳುತ್ತದೆ!

ಉತ್ತರ: ಕಂಪ್ಯೂಟರ್ ಮಾತಾಡುತ್ತಿದೆ. ಪ್ರಿಂಟರ್ ಹುಡುಕುವ ಎಂಡಿಎನ್‌ಎಸ್ (224.0.0.251), ಸಮಯ ಕೇಳುವ ಎನ್‌ಟಿಪಿ, ಅಪ್‌ಡೇಟ್ ಹುಡುಕುವ ಹಿನ್ನೆಲೆ ಸೇವೆಗಳು. ಡೀಫಾಲ್ಟ್ ರೂಟನ್ನು ರೇಡಿಯೋ ಮೇಲೆ ಇಟ್ಟಿದ್ದರೆ ಇವೆಲ್ಲ ಗಾಳಿಗೇ. ರೇಡಿಯೋ ಇಂಟರ್‌ಫೇಸಿನ ಮೇಲೆ 44ರ ಎರಡು ಬ್ಲಾಕಿಗೆ ಮಾತ್ರ ರೂಟ್ ಇಡಿ, ಮಲ್ಟಿಕಾಸ್ಟ್ ತಡೆಯಿರಿ.

ಇದು ಬರೀ ಚಾನೆಲ್ ಉಳಿಸುವ ಮಾತಲ್ಲ. ಬೇರೆ ಬೇರೆ ದೇಶಗಳ ಹವ್ಯಾಸಿ ನಿಲ್ದಾಣಗಳ ನಡುವಿನ ಪ್ರಸಾರದಲ್ಲಿ ಅರ್ಥ ಮರೆಮಾಚುವ ಸಂಕೇತ ಬಳಸಬಾರದೆಂದು ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ರೇಡಿಯೋ ನಿಯಮಾವಳಿಯ 25ನೇ ವಿಧಿ ಹೇಳುತ್ತದೆ. ಅನೇಕ ದೇಶಗಳು ಇದನ್ನು ದೇಶದೊಳಗಿನ ಪ್ರಸಾರಕ್ಕೂ ಅನ್ವಯಿಸುತ್ತವೆ. ಎಚ್‌ಟಿಟಿಪಿಎಸ್, ಎಸ್‌ಎಸ್‌ಎಚ್ ಎರಡೂ ಗೂಢಲಿಪಿಯೇ. 443 ಮತ್ತು 22ನೇ ಪೋರ್ಟನ್ನು ರೇಡಿಯೋ ಕಡೆ ಮುಚ್ಚಿಡಿ, ನೋಡ್‌ಗೆ ಟೆಲ್‌ನೆಟ್ ಬಳಸಿ. ಗುಪ್ತಪದ ಬಯಲಾಗುವ ಭಯಕ್ಕೆ ಒಮ್ಮೆ ಮಾತ್ರ ಸಲ್ಲುವ ಗುಪ್ತಪದಗಳ ಪಟ್ಟಿ ಮಾಡಿಕೊಳ್ಳಿ. ಗುರುತು ದೃಢಪಡಿಸುವುದು ಬೇರೆ, ಸಂದೇಶ ಮುಚ್ಚಿಡುವುದು ಬೇರೆ.

ಪ್ರಶ್ನೆ: ನಮ್ಮ ಸ್ಲ್ಯಾಷ್ 24ರೊಳಗಿನ ಒಬ್ಬ ಸದಸ್ಯರು ತಮ್ಮದೇ ಗೇಟ್‌ವೇ ಇಟ್ಟುಕೊಂಡಿದ್ದರು, ಈಗ ಹವ್ಯಾಸ ಬಿಟ್ಟಿದ್ದಾರೆ. ಅವರ ನಂಬರನ್ನು ಹೊಸಬರಿಗೆ ಕೊಟ್ಟೆವು. ಹೊಸಬರಿಗೆ ನಮ್ಮ ಜಾಲದೊಳಗೆ ಎಲ್ಲ ಸಿಗುತ್ತದೆ, ಹೊರಗಿನ ಹ್ಯಾಮ್‌ಗಳು ಸಿಗುವುದಿಲ್ಲ.

ಉತ್ತರ: ಹಳೆಯ ಸದಸ್ಯರ ಗೇಟ್‌ವೇ ಪೋರ್ಟಲ್ಲಿನಲ್ಲಿ ಇನ್ನೂ ಜೀವಂತ ಇದೆ. ಅದರ ಹೆಸರಲ್ಲಿ ಆ ಒಂದು ವಿಳಾಸದ ಸ್ಲ್ಯಾಷ್ 32 ನೋಂದಣಿಯಾಗಿದೆ. ರೌಟರುಗಳು ಯಾವಾಗಲೂ ಹೆಚ್ಚು ನಿಖರವಾದ ಸಾಲನ್ನೇ ಹಿಡಿಯುವುದು. ನಿಮ್ಮ ಸ್ಲ್ಯಾಷ್ 24ಕ್ಕಿಂತ ಆ ಸ್ಲ್ಯಾಷ್ 32 ಗೆಲ್ಲುತ್ತದೆ. ಹೊರಗಿನ ಎಲ್ಲ ಗೇಟ್‌ವೇಗಳೂ ಆ ಪ್ಯಾಕೆಟ್ಟುಗಳನ್ನು ಆರಿಹೋದ ಮನೆಗೆ ಕಳಿಸುತ್ತಿವೆ. ಆ ಸದಸ್ಯರಿಂದಲೋ ಕೋಆರ್ಡಿನೇಟರ್‌ರಿಂದಲೋ ಆ ನೋಂದಣಿ ತೆಗೆಸಿ. ಮುಂದಿನ ರಿಪ್ ಪಟ್ಟಿಯಿಂದ ಅದು ಕೈಬಿಟ್ಟು, ಹಳೆಯ ರೂಟಿನ ಅವಧಿ ಎಲ್ಲ ಗೇಟ್‌ವೇಗಳಲ್ಲೂ ಮುಗಿದ ಮೇಲೆ ಸರಿಯಾಗುತ್ತದೆ, ಕೂಡಲೇ ಅಲ್ಲ.

ಡಿಎನ್‌ಎಸ್ಸಿನಲ್ಲಿ ಹಳೆಯ ಕಾಲ್‌ಸೈನಿನ ಹೆಸರೂ ಉಳಿದಿರುತ್ತದೆ, ನೋಡ್‌ನ ಎಆರ್‌ಪಿ ಪಟ್ಟಿಯಲ್ಲಿ ಕೈಯಾರೆ ಬರೆದ ಸಾಲೂ ಉಳಿದಿರಬಹುದು. ಮೂರೂ ಕಡೆ ಅಳಿಸಿದ ಮೇಲೆ, ಆ ನಂಬರನ್ನು ಒಂದಷ್ಟು ತಿಂಗಳು ಖಾಲಿ ಬಿಟ್ಟು ಆಮೇಲೆ ಕೊಡುವುದು ಒಳ್ಳೆಯದು. ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಪ್ರತಿ ನಂಬರಿನ ಎದುರು ಕಾಲ್‌ಸೈನ್, ಯಾವ ಚಾನೆಲ್, ಗೇಟ್‌ವೇ ಯಾರದು, ಕೊಟ್ಟ ದಿನ, ಪರವಾನಗಿ ಮುಗಿಯುವ ದಿನ ಎಂಬ ಐದು ಮನೆಗಳಿರಲಿ. ವಾಪಸ್ ಬಂದ ನಂಬರಿನ ಹಳೆಯ ಸಾಲನ್ನು ಅಳಿಸದೆ ಅಡ್ಡಗೀಟು ಹಾಕಿ ಕೆಳಗೆ ಹೊಸದು ಬರೆಯಿರಿ.